ಸೂರ್ಯನಿಗೆ ಎಂಟುನೂರು ಸಲ ಹೋಗಿಬರುವ ಪುಟ್ಟ ಕಾರು

ಉದ್ದ 3.76 ಮೀಟರ್, ತೂಕ ಸುಮಾರು 775 ಕೆ.ಜಿ. ಮಾರಿಸ್ ಮೈನರ್ ಕಾರಿನ ಜಾತಕ ಇಷ್ಟೇ. ಮೈಸೂರು ದಸರಾದಲ್ಲಿ ಆನೆ ಹೊರುವ ಚಿನ್ನದ ಅಂಬಾರಿಯ ತೂಕ 750 ಕೆ.ಜಿ. ಜಂಬೂಸವಾರಿಯ ಆನೆಯ ಬೆನ್ನ ಮೇಲೆ ಅಂಬಾರಿಯ ಬದಲು ಇಡೀ ಕಾರನ್ನೇ ಕೂರಿಸಿದರೂ ಹೆಚ್ಚುವ ಭಾರ ಬರೀ 25 ಕೆ.ಜಿ.! ಅದಕ್ಕೂ ಹಿಂದಿನ, 1922ರ ಆಸ್ಟಿನ್ ಸೆವೆನ್ ಇನ್ನೂ ಹಗುರ: ಸುಮಾರು 360 ಕೆ.ಜಿ. ಅಂಥವು ಎರಡನ್ನು ಒಟ್ಟಿಗೆ ಹೊರಿಸಿದರೂ ಅಂಬಾರಿಯ ತೂಕಕ್ಕೆ ಸಮನಾಗುವುದಿಲ್ಲ. ಇಷ್ಟು ಚಿಕ್ಕ ಬ್ರಿಟಿಷ್ ಕಾರುಗಳು ಹುಟ್ಟುಹಾಕಿದ ಅಂಕಿಸಂಖ್ಯೆಗಳು ಮಾತ್ರ ಯಾವ ಆನೆಯೂ ಹೊರಲಾರದಷ್ಟು ದೊಡ್ಡವು.

ಆ ಕಾರುಗಳನ್ನು ಹುಡುಕಿಕೊಂಡು ಹೊರಡುವುದಕ್ಕೆ ಗೋವಾದ ಮಡ್ಕಯಿಗಿಂತ ಒಳ್ಳೆಯ ಜಾಗ ಬೇಕೆ? ಫೋಂಡಾ ತಾಲ್ಲೂಕಿನಲ್ಲಿ, ಜುವಾರಿ ನದಿಯ ಪಕ್ಕದಲ್ಲಿರುವ ನವದುರ್ಗೆಯ ಊರು ಇದು. ಇಲ್ಲಿಂದ ಫೆರಿ ಹತ್ತಿದರೆ ಆಚೆ ದಡ ಕುಠ್ಠಾಳಿ. ಗೋವಾದ ಹಳೆಯ ಕಾರುಗಳ ಕಥೆಯೇ ಬೇರೆ. 1950ರ ದಶಕದಲ್ಲಿ ಭಾರತ ವಿದೇಶಿ ಕಾರುಗಳ ಆಮದಿಗೆ ಬಿಗಿಯಾಗಿ ಲಗಾಮು ಹಾಕಿದಾಗ ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿತ್ತು. ನಮ್ಮ ಲಗಾಮು ಇಲ್ಲಿಗೆ ತಾಗಲಿಲ್ಲ. ಗೋವಾ ಭಾರತಕ್ಕೆ ಸೇರಿದ 1961ರ ಡಿಸೆಂಬರ್ 19ಕ್ಕಿಂತ ಮೊದಲು ಇಲ್ಲಿಗೆ ಬಂದಿಳಿದ ಯಾವ ಕಾರಿಗಾದರೂ ಈಗ 60 ವರ್ಷ ತುಂಬಿ ಮೇಲಾಗಿದೆ. ಗೋವಾದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 3 ಮೀಟರ್. 60 ಮಳೆಗಾಲ ಎಂದರೆ 180 ಮೀಟರ್ ನೀರು! ವಿಜಯಪುರದ ಗೋಳಗುಮ್ಮಟವನ್ನು ಒಂದರ ಮೇಲೊಂದು ಮೂರೂವರೆ ಸಲ ನಿಲ್ಲಿಸಿದಷ್ಟು ಎತ್ತರದ ಮಳೆ ಊರಿಗೆ ಸುರಿದ ಮೇಲೂ ಆ ಕಾರು ಕಾರಾಗಿ ಉಳಿದಿದೆ ಎಂದರೆ, ರಸ್ತೆ ಬದಿಯಲ್ಲಿ ನಿಂತು ಕೈ ಎತ್ತಿ ನಮಸ್ಕರಿಸಬೇಕು.

ಈಗ ಮೈನರ್‌ನ ಲೆಕ್ಕಕ್ಕೆ ಬರೋಣ. 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಅದು ಮೊದಲ ಬಾರಿ ಕಾಣಿಸಿಕೊಂಡಿತು. 1960 ಮುಗಿಯುವ ಹೊತ್ತಿಗೆ ಹತ್ತು ಲಕ್ಷ ಮುಟ್ಟಿತ್ತು; ಬ್ರಿಟನ್ನಿನ ಯಾವ ಕಾರೂ ಅದಕ್ಕೆ ಮೊದಲು ಆ ಗಡಿ ಮುಟ್ಟಿರಲಿಲ್ಲ. ಹನ್ನೆರಡು ವರ್ಷದ ಹಗಲು ರಾತ್ರಿ, ಭಾನುವಾರ, ಹಬ್ಬ ಹುಣ್ಣಿಮೆ ಎಲ್ಲ ಸೇರಿಸಿ ಹಂಚಿದರೂ ಆರೂವರೆ ನಿಮಿಷಕ್ಕೊಂದು ಕಾರು! ಆ ಸಂಭ್ರಮಕ್ಕೆ ಸುಮಾರು 350 ಕಾರುಗಳಿಗೆ ನೇರಳೆ ಬಣ್ಣ ಬಳಿದು ಬಿಟ್ಟರು. ತಯಾರಿ ನಿಲ್ಲುವಷ್ಟರಲ್ಲಿ ಒಟ್ಟು ಸಂಖ್ಯೆ 16 ಲಕ್ಷದಾಚೆ. ಮೂತಿಗೆ ಬಾಲ ತಾಗಿಸಿ ಎಲ್ಲವನ್ನೂ ಸಾಲಾಗಿ ನಿಲ್ಲಿಸಿದರೆ 6,000 ಕಿ.ಮೀ. ದಾಟುತ್ತದೆ. ಭಾರತದ ಉತ್ತರದ ತುದಿಯಿಂದ ದಕ್ಷಿಣದ ತುದಿಗೆ 3,214 ಕಿ.ಮೀ. ಕಾಶ್ಮೀರದಿಂದ ಕನ್ಯಾಕುಮಾರಿಗೆ ಒಂದು ಸಾಲು, ಅಲ್ಲಿಂದ ತಿರುಗಿ ಹೆಚ್ಚುಕಡಿಮೆ ಕಾಶ್ಮೀರದ ಬಾಗಿಲವರೆಗೆ ಇನ್ನೊಂದು ಸಾಲು!

ಮೈನರ್ ಎದುರಿಗೆ ಸಿಕ್ಕರೆ ಅದರ ಬಾನೆಟ್ಟಿನ ನಡುವೆ ಒಮ್ಮೆ ಕಣ್ಣು ಹಾಯಿಸಿ. ಮೂತಿಯಿಂದ ಗಾಜಿನವರೆಗೆ ಒಂದು ಚಪ್ಪಟೆ ಪಟ್ಟಿ ಉಬ್ಬಿಕೊಂಡು ಹೋಗಿರುತ್ತದೆ. ವಿನ್ಯಾಸಕಾರ ಅಲೆಕ್ ಇಸಿಗೋನಿಸ್ ತಮ್ಮ ಮಾದರಿ ಕಾರು ಸಣಕಲಾಯಿತು ಅನ್ನಿಸಿ ಅದನ್ನು ಉದ್ದಕ್ಕೆ ಎರಡು ಸೀಳು ಮಾಡಿಸಿದರು. ಎರಡು ಭಾಗಗಳನ್ನು ದೂರ ಸರಿಸಿ ಸರಿಸಿ ನೋಡಿ, ಕಣ್ಣಿಗೆ ಹಿತವಾದ ಕಡೆ ನಿಲ್ಲಿಸಿದರು. ನಡುವೆ ಸೇರಿಕೊಂಡದ್ದು ನಾಲ್ಕೇ ಇಂಚು. ಅಷ್ಟರಲ್ಲಿ ಬಂಪರುಗಳು ತಯಾರಾಗಿದ್ದವು. ಅವನ್ನೂ ನಡುವಿಗೆ ಕತ್ತರಿಸಿ ನಾಲ್ಕಿಂಚಿನ ತುಂಡು ಸೇರಿಸಿದರು. ಆ ನಾಲ್ಕಿಂಚನ್ನು 16 ಲಕ್ಷ ಕಾರುಗಳಿಗೆ ಗುಣಿಸಿ: 160 ಕಿ.ಮೀ.! ಉತ್ತರದಿಂದ ದಕ್ಷಿಣಕ್ಕೆ ಇಡೀ ಗೋವಾದ ಉದ್ದ ಸುಮಾರು 105 ಕಿ.ಮೀ. ಒಬ್ಬ ಮನುಷ್ಯನ ಕಣ್ಣಿನ ತೃಪ್ತಿಗಾಗಿ ಸೇರಿದ ಅಗಲವೇ ಒಂದು ರಾಜ್ಯದ ಒಂದೂವರೆ ಪಟ್ಟು!

ಇದೇ ಇಸಿಗೋನಿಸ್ ಹನ್ನೊಂದು ವರ್ಷದ ನಂತರ, 1959ರಲ್ಲಿ, ಮಿನಿ ಕಾರನ್ನು ಕೊಟ್ಟರು. ಉದ್ದ 3 ಮೀಟರಿಗೆ ಬೆರಳೆರಡು ಮೇಲೆ, ಚಕ್ರದ ಅಳತೆ 10 ಇಂಚು. 2014ರಲ್ಲಿ ಲಂಡನ್ನಿನಲ್ಲಿ ಇಂಥ ಹಳೆಯ ಮಿನಿಯೊಂದರೊಳಗೆ 27 ಮಂದಿ ತುರುಕಿಕೊಂಡು ಗಿನ್ನೆಸ್ ದಾಖಲೆ ಮಾಡಿದರು. ಎರಡು ಕ್ರಿಕೆಟ್ ತಂಡ, ಅಂಪೈರುಗಳಿಬ್ಬರು, ಮೇಲೆ ಮೂವರು ಪ್ರೇಕ್ಷಕರು, ಎಲ್ಲ ಒಂದೇ ಕಾರಿನಲ್ಲಿ! ತಯಾರಾದದ್ದು 41 ವರ್ಷ. ಒಟ್ಟು ಕಾರು 53,87,862. ಇವನ್ನು ಸಾಲು ಹಚ್ಚಿದರೆ 16,000 ಕಿ.ಮೀ. ಮೀರುತ್ತದೆ. ಬೆಂಗಳೂರಿನಿಂದ ಲಂಡನ್ನಿಗೆ ವಿಮಾನದ ದಾರಿ ಸುಮಾರು 8,000 ಕಿ.ಮೀ. ಇಷ್ಟು ಮಿನಿಗಳಿದ್ದರೆ ಬೆಂಗಳೂರಿನಿಂದ ಲಂಡನ್ನಿಗೆ ಹೋಗಲು ಒಂದು ಸಾಲು, ಬರಲು ಇನ್ನೊಂದು ಸಾಲು.

ಸಂಖ್ಯೆ ಸಾಕು, ಆಯುಷ್ಯ ನೋಡಿ. ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರು ಇಂಗ್ಲೆಂಡಿನಲ್ಲಿ ಬದುಕಿದ್ದು 1956ರಿಂದ 1959ರವರೆಗೆ, ಬರೀ ಮೂರು ವರ್ಷ. ಅದೇ ಕಾರು ಕೋಲ್ಕತ್ತದ ಪಕ್ಕದ ಉತ್ತರಪಾರಾಕ್ಕೆ ಬಂದು ಅಂಬಾಸಿಡರ್ ಆಯಿತು. ತಯಾರಿ ನಿಂತದ್ದು 2014ರ ಮೇ ತಿಂಗಳಲ್ಲಿ! ತವರಿನಲ್ಲಿ 3 ವರ್ಷ ಬಾಳಿದ್ದು ಸೇರಿದ ಮನೆಯಲ್ಲಿ 57 ವರ್ಷ ಬಾಳಿತು, ಹತ್ತೊಂಬತ್ತು ಪಟ್ಟು. ನೆಹರೂ ಕಾಲದಲ್ಲಿ ಶುರುವಾಗಿ ಮೋದಿ ಪ್ರಮಾಣವಚನದ ತಿಂಗಳಿನವರೆಗೆ, ದೇಶದ ಎಲ್ಲ ಪ್ರಧಾನಮಂತ್ರಿಗಳನ್ನೂ ಕಂಡ ಕಾರದು. ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕೂಡ ಮೂಲದಲ್ಲಿ ಇಂಗ್ಲೆಂಡಿನ ಟ್ರಯಂಫ್. ಅದು ಪೂರ್ತಿ ಒಂದು ಸುತ್ತು ತಿರುಗಲು ಬೇಕಾದ ಜಾಗ 25 ಅಡಿ ಮಾತ್ರ. ಫೋಂಡಾದ ಇಕ್ಕಟ್ಟು ರಸ್ತೆಗಳಿಗೆ ಹೇಳಿ ಮಾಡಿಸಿದ ಗುಣ!

ಇನ್ನು ದೂರದ ಲೆಕ್ಕ. ಇಲ್ಲಿ ಎರಡು ತುದಿಗಳಿವೆ, ಎರಡೂ ನಂಬಲಾಗದವು. ಹೈದರಾಬಾದಿನ ಆರನೆಯ ನಿಜಾಮರಿಗಾಗಿ ತಯಾರಾದ ಹಳದಿ ಬಣ್ಣದ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಇಂದಿಗೂ ಚೌಮಹಲ್ಲಾ ಅರಮನೆಯಲ್ಲಿದೆ. 1912ರ ಆ ಕಾರಿನ ಮೀಟರ್ ತೋರಿಸಿದ ದೂರ 356 ಮೈಲಿ, ಅಂದರೆ 573 ಕಿ.ಮೀ. ಒಂದು ಶತಮಾನಕ್ಕೂ ಮೀರಿದ ಬಾಳಿನಲ್ಲಿ ಅದು ಓಡಿದ್ದು ಹೈದರಾಬಾದಿನಿಂದ ಬೆಂಗಳೂರಿಗೆ ಒಂದು ಸಲ ಬಂದಷ್ಟೇ, ವಾಪಸು ಹೋಗಲಿಕ್ಕೂ ಸಾಲದು! ಇನ್ನೊಂದು ಸಿಲ್ವರ್ ಘೋಸ್ಟ್ ಇದೆ. ಆ ಹೆಸರು ಮೊದಲು ಬಂದದ್ದೇ ಅದಕ್ಕೆ. 1907ರಲ್ಲಿ ಲಂಡನ್ ಮತ್ತು ಗ್ಲಾಸ್ಗೋ ನಡುವೆ ಹಗಲೂ ರಾತ್ರಿ ತಿರುಗಿ, ತಾನಾಗಿ ಕೆಟ್ಟು ನಿಲ್ಲದೆ 14,371 ಮೈಲಿ ಮುಗಿಸಿತು. ನಿಜಾಮರ ಕಾರು ನೂರು ವರ್ಷದಲ್ಲಿ ಕಂಡ ದೂರದ 40 ಪಟ್ಟು. ಭೂಮಿಯ ಅರ್ಧ ಸುತ್ತಿಗಿಂತ ಹೆಚ್ಚು. ಅದೂ ಟಾರು ಕಾಣದ ರಸ್ತೆಗಳ ಕಾಲದಲ್ಲಿ! ಮೈಸೂರು ಮಹಾರಾಜರು ರೋಲ್ಸ್ ರಾಯ್ಸ್‌ಗಳನ್ನು ಏಳೇಳರ ಲೆಕ್ಕದಲ್ಲಿ ಕೊಳ್ಳುತ್ತಿದ್ದರೆಂಬ ಮಾತು ಇಂದಿಗೂ ಹಳೆ ಕಾರು ಪ್ರಿಯರ ಬಾಯಲ್ಲಿ ಓಡಾಡುತ್ತದೆ. ಇಂಥ ಕಾರಿನ ಮೇಲೆ ಅಷ್ಟು ಭರವಸೆ ಇದ್ದದ್ದರಲ್ಲಿ ಆಶ್ಚರ್ಯವೇನು?

ದೇಶ ದಾಟಿ ದೂರ ಹೋದವರೂ ಇದ್ದಾರೆ. 1957ರ ಏಪ್ರಿಲ್ 15ರಂದು ಲಂಡನ್ನಿನಿಂದ ಹೊರಟ ಇಂಡಿಯಾಮ್ಯಾನ್ ಎಂಬ ಬಸ್ಸು ಜೂನ್ 5ರಂದು ಕೋಲ್ಕತ್ತ ಸೇರಿತು. ಹೌದು, ಬಸ್ಸು! ಇಪ್ಪತ್ತು ಪ್ರಯಾಣಿಕರು, ಸುಮಾರು 16,000 ಕಿ.ಮೀ., ಟಿಕೆಟ್ಟಿಗೆ 85 ಪೌಂಡು. ಒಂದು ಪೌಂಡು ಕೊಟ್ಟರೆ ಬೆಂಗಳೂರಿನಿಂದ ಮೈಸೂರು ದಾಟಿ ಇನ್ನೂ ಮುಂದೆ ಹೋದಷ್ಟು ದೂರ. ಅದಕ್ಕೆ ಎರಡು ವರ್ಷ ಮೊದಲು, 1955ರಲ್ಲಿ, ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ನ ಆರು ಹುಡುಗರು ಎರಡು ಲ್ಯಾಂಡ್ ರೋವರ್ ಹತ್ತಿ ಆರು ತಿಂಗಳಲ್ಲಿ ಲಂಡನ್ನಿನಿಂದ ಸಿಂಗಾಪುರ ಮುಟ್ಟಿದರು. ಬೆರಗು ಇಲ್ಲಿಗೆ ಮುಗಿಯುವುದಿಲ್ಲ. ಆ ಎರಡರಲ್ಲಿ ಒಂದು ಗಾಡಿ 2019ರಲ್ಲಿ, ತನ್ನ 64ನೆಯ ವಯಸ್ಸಿನಲ್ಲಿ, ಸಿಂಗಾಪುರದಿಂದ ಹೊರಟು ಲಂಡನ್ ಸೇರಿತು! ಮೊದಲ ಪ್ರಯಾಣದಲ್ಲಿದ್ದ ಟಿಮ್ ಸ್ಲೆಸರ್ ಅವರ ಮೊಮ್ಮಗ ಈ ಸಲದ ತಂಡದಲ್ಲಿದ್ದ. ಸರ್ಕಾರಿ ನೌಕರಿಯಲ್ಲಿದ್ದಿದ್ದರೆ ನಾಲ್ಕು ವರ್ಷ ಹಿಂದೆಯೇ ನಿವೃತ್ತಿಯಾಗಬೇಕಿದ್ದ ಗಾಡಿ ಖಂಡಗಳನ್ನು ದಾಟಿತು. ಆ ವಂಶದ ಲ್ಯಾಂಡ್ ರೋವರ್‌ಗಳ ತಯಾರಿ 2016ರ ಜನವರಿಯಲ್ಲಿ ನಿಂತಾಗ ಒಟ್ಟು ಸಂಖ್ಯೆ 20,16,933.

ವೇಗಕ್ಕೆ ಬಂದರೆ ತಲೆ ತಿರುಗುತ್ತದೆ. 1865ರ ಬ್ರಿಟಿಷ್ ಕಾನೂನಿನ ಪ್ರಕಾರ ಎಂಜಿನ್ ಗಾಡಿ ಗಂಟೆಗೆ 4 ಮೈಲಿ ಮೀರುವಂತಿರಲಿಲ್ಲ. ಮುಂದೆ ಒಬ್ಬ ಮನುಷ್ಯ ನಡೆದು ಹೋಗಬೇಕಿತ್ತು. ಆ ಕಟ್ಟು ಕಳಚಿದ್ದು 1896ರಲ್ಲಿ. 1961ರಲ್ಲಿ ಜಿನೀವಾದಲ್ಲಿ ತೆರೆ ಸರಿಸಿದ ಜಾಗ್ವಾರ್ ಇ-ಟೈಪ್ ಹೇಳಿಕೊಂಡ ವೇಗ ಗಂಟೆಗೆ 150 ಮೈಲಿ. 1997ರ ಅಕ್ಟೋಬರ್ 15ರಂದು ಅಮೆರಿಕದ ನೆವಾಡಾ ಮರುಭೂಮಿಯಲ್ಲಿ ಬ್ರಿಟನ್ನಿನ ಥ್ರಸ್ಟ್ ಎಸ್‌ಎಸ್‌ಸಿ ಓಡಿದ್ದು 763 ಮೈಲಿಯಲ್ಲಿ, ಅಂದರೆ ಗಂಟೆಗೆ 1,228 ಕಿ.ಮೀ. ನೆಲದ ಮೇಲೆ ಶಬ್ದವನ್ನೇ ಹಿಂದೆ ಹಾಕಿದ ಮೊದಲ ಕಾರು! ಗೋವಾದ ಉದ್ದವನ್ನು ಹಳೆಯ ಕಾನೂನಿನಂತೆ ದಾಟಲು 16 ಗಂಟೆ ಬೇಕು, ಥ್ರಸ್ಟ್‌ಗೆ 5 ನಿಮಿಷ. ಅದರ ಶಕ್ತಿ ಒಂದು ಲಕ್ಷ ಅಶ್ವಶಕ್ತಿಯ ಮೇಲೆ. 37 ಅಶ್ವಶಕ್ತಿಯ ಮಾರಿಸ್ ಮೈನರ್‌ಗಳನ್ನು ಕಟ್ಟಿ ಎಳೆಸುವುದಾದರೆ ಎರಡೂವರೆ ಸಾವಿರ ಸಾಲದು.

ಬೆಲೆಯ ಮಾತು ಕೇಳಿ. 2017ರಲ್ಲಿ ಅಂಬಾಸಿಡರ್ ಎಂಬ ಹೆಸರನ್ನೇ ಫ್ರಾನ್ಸಿನ ಪ್ಯೂಜೊ ಕಂಪನಿ 80 ಕೋಟಿ ರೂಪಾಯಿಗೆ ಕೊಂಡಿತು. ಐವತ್ತೇಳು ವರ್ಷದ ಕೀರ್ತಿ, ಮಂತ್ರಿಗಳ ಕೆಂಪು ದೀಪ, ಟ್ಯಾಕ್ಸಿಯವರ ಹಳದಿ ಬಣ್ಣ ಎಲ್ಲ ಸೇರಿ 80 ಕೋಟಿ. ಅದೇ ವರ್ಷ ಅಮೆರಿಕದ ಹರಾಜಿನಲ್ಲಿ 1956ರ ಒಂದು ಆಸ್ಟನ್ ಮಾರ್ಟಿನ್ ಡಿಬಿಆರ್1 ಮಾರಾಟವಾದದ್ದು 2 ಕೋಟಿ 25 ಲಕ್ಷ ಡಾಲರಿಗೂ ಹೆಚ್ಚಿಗೆ. ಆಗಿನ ದರದಲ್ಲಿ 140 ಕೋಟಿ ರೂಪಾಯಿಯ ಮೇಲೆ! ಅಂಥ ಕಾರು ತಯಾರಾದದ್ದೇ ಐದು.

ಹಳೆಯ ಕಾರು ಕಾಣಬೇಕೆಂದರೆ ಕೋಟಿ ಬೇಕಿಲ್ಲ, ಕಣ್ಣಿದ್ದರೆ ಸಾಕು. ಮಡ್ಕಯಿಯಿಂದ ಫೆರಿ ದಾಟಿ ಮಡಗಾಂವ್ ದಾರಿ ಹಿಡಿದರೆ ನುವೆಂನಲ್ಲಿ ಅಶ್ವೇಕ್ ವಿಂಟೇಜ್ ವರ್ಲ್ಡ್ ಇದೆ. ಹಳೆಯ ಕಾರುಗಳಿಗೆ ಅಲ್ಲಿ ಮರುಜೀವ ಕೊಡುತ್ತಾರೆ. ಕರ್ನಾಟಕದಲ್ಲಿ ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯವಿದೆ, ಶ್ರೀರಂಗಪಟ್ಟಣದ ಬಳಿ ಪಯಣ ಎಂಬ ಕಾರು ಸಂಗ್ರಹಾಲಯ ಇದೆ. ರಸ್ತೆಯಲ್ಲಿ ಗುರುತು ಹಿಡಿಯುವುದು ಇನ್ನೂ ಸುಲಭ. ಗೋವಾದಲ್ಲಿ ನಂಬರ್ ಪ್ಲೇಟ್ ಜಿಡಿ ಅಕ್ಷರಗಳಿಂದ ಶುರುವಾದರೆ ಗೋವಾ, ದಮನ್, ದಿಯು ಒಟ್ಟಿಗಿದ್ದ ಕಾಲದ ಗಾಡಿ ಎಂದೇ ಲೆಕ್ಕ. 2021ರ ಕೇಂದ್ರದ ನಿಯಮದಂತೆ 50 ವರ್ಷ ದಾಟಿದ ಗಾಡಿಯನ್ನು 20,000 ರೂಪಾಯಿ ಕಟ್ಟಿ ವಿಂಟೇಜ್ ಎಂದು ನೋಂದಾಯಿಸಬಹುದು. ರಾಜ್ಯದ ಅಕ್ಷರಗಳ ನಂತರ ವಿಎ ಎಂದಿದ್ದರೆ ಎದುರಿಗಿರುವುದು ಅರ್ಧ ಶತಮಾನ ಎಂದು ತಿಳಿಯಿರಿ.

ಅಂಥದ್ದೊಂದು ಮೈನರ್ ನಿಂತಿದ್ದರೆ, ಮಾಲೀಕರ ಅಪ್ಪಣೆ ಪಡೆದು ಒಳಗೆ ಬಗ್ಗಿ ಮೀಟರ್ ನೋಡಿ. ಮೈಲಿಗಳಿಗೆ ಐದೇ ಅಂಕಿ. 99,999 ಆದ ಮೇಲೆ ಮತ್ತೆ ಸೊನ್ನೆ. ಆ ಒಂದು ಸುತ್ತು ಎಂದರೆ 1 ಲಕ್ಷ ಮೈಲಿ, 1,60,000 ಕಿ.ಮೀ., ಭೂಮಿಗೆ ನಾಲ್ಕು ಪೂರ್ತಿ ಪ್ರದಕ್ಷಿಣೆ! ತಯಾರಾದ 16 ಲಕ್ಷ ಮೈನರ್‌ಗಳೂ ಈ ಸೊನ್ನೆಯನ್ನು ಒಂದೇ ಒಂದು ಸಲ ಕಂಡವು ಎಂದು ಇಟ್ಟುಕೊಂಡರೆ ಒಟ್ಟು 25,600 ಕೋಟಿ ಕಿ.ಮೀ. ಸೂರ್ಯ ಇರುವುದು 15 ಕೋಟಿ ಕಿ.ಮೀ. ಆಚೆ. ಹೋಗಿ ಬಂದು, ಹೋಗಿ ಬಂದು, 853 ಸಲ! ಕೇಂಬ್ರಿಜ್‌ನ ಹುಡುಗರು ಬೇಡ, ಮಹಾರಾಜರು ಬೇಡ. ಶಾಲೆಗೆ ಮಕ್ಕಳನ್ನು ಬಿಟ್ಟ, ಪೇಟೆಯಿಂದ ಅಕ್ಕಿ ಮೂಟೆ ತಂದ, ಮದುವೆಗೆ ಮುತ್ತೈದೆಯರನ್ನು ಕರೆದೊಯ್ದ ಓಡಾಟ ಸಾಕು ಈ ದೂರ ಕೂಡಿಸಲಿಕ್ಕೆ. ನಿಮ್ಮೆದುರಿನ ಕಾರಿನ ಮೀಟರ್ ಎಷ್ಟನೆಯ ಸುತ್ತಿನಲ್ಲಿದೆ ಎಂದು ಆ ಐದು ಅಂಕಿ ಹೇಳುವುದಿಲ್ಲ. ಮಾಲೀಕರನ್ನೇ ಕೇಳಿ. ಹಳೆ ಕಾರಿನವರು ಈ ಒಂದು ಪ್ರಶ್ನೆಗೆ ಸಣ್ಣ ಉತ್ತರ ಕೊಡುವವರೇ ಅಲ್ಲ.