ದೇಹದ ತೂಕವೂ ದೇಹದ ಅಳತೆಯೂ

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಹಗಲೆಲ್ಲ ಅಂಗಡಿಯ ಗಲ್ಲಾದ ಮುಂದೆ ಕುಳಿತು ವ್ಯಾಪಾರ ನಡೆಸುವ ಮಧ್ಯವಯಸ್ಕರೊಬ್ಬರು, ವೈದ್ಯರ ಮಾತಿಗೆ ಓಗೊಟ್ಟು, ನಸುಕಿನಲ್ಲೆದ್ದು ಕೋಟೆಗುಡ್ಡದ ತಪ್ಪಲಿನಲ್ಲಿ ನಡೆಯುವುದನ್ನೂ ಸಂಜೆ ಜಿಮ್ಮಿನಲ್ಲಿ ಭಾರವೆತ್ತುವುದನ್ನೂ ಕೈಗೊಂಡು, ಎರಡು ಮೂರು ತಿಂಗಳು ನಿಷ್ಠೆಯಿಂದ ಪಾಲಿಸಿದ ಬಳಿಕ ತೂಕದ ಯಂತ್ರದ ಮೇಲೆ ನಿಂತಾಗ, ಮುಳ್ಳು ಮೊದಲಿದ್ದ ಎಡೆಯಲ್ಲಿಯೇ ಇದ್ದರೆ ಅವರಿಗಾಗುವ ನಿರಾಶೆ ಸಾಮಾನ್ಯವಾದುದಲ್ಲ. ಬಹುಮಂದಿ ವ್ಯಾಯಾಮವನ್ನು ತ್ಯಜಿಸುವುದು ಈ ಘಳಿಗೆಯಲ್ಲಿಯೇ. ಅದೇ ಹೊತ್ತಿಗೆ ಅವರ ಪ್ಯಾಂಟು ನಡುವಿನಲ್ಲಿ ಸಡಿಲಗೊಂಡಿರಬಹುದು, ಮಹಡಿಯೇರುವಾಗಿನ ಏದುಸಿರು ಶಮನಗೊಂಡಿರಬಹುದು. ಆದರೆ ಅಂಕಿಯೊಂದನ್ನೇ ಪರಮಪ್ರಮಾಣವೆಂದು ನಂಬಿದ ಮನಸ್ಸು ಈ ಸಾಕ್ಷ್ಯಗಳನ್ನು ಗಣನೆಗೆ ತಾರದು. ಇದು ನನಗೆ ನಿಜವಾಗಿಯೂ ವ್ಯಥೆಯನ್ನುಂಟುಮಾಡುವ ಸಂಗತಿ.

ತೂಕವೆಂಬುದು ಎಲುಬು, ಮಾಂಸಖಂಡ, ಕೊಬ್ಬು, ನೀರು, ಹೊಟ್ಟೆಯೊಳಗಿನ ಅನ್ನ ಇವೆಲ್ಲದರ ಮೊತ್ತ. ಯಾವುದು ಹೆಚ್ಚಿತು, ಯಾವುದು ಇಳಿಯಿತು ಎಂಬುದನ್ನು ಆ ಮೊತ್ತ ತಿಳಿಸದು. ಒಂದು ಘನ ಸೆಂಟಿಮೀಟರ್ ಕೊಬ್ಬು ಸುಮಾರು 0.9 ಗ್ರಾಂ ತೂಗಿದರೆ ಅಷ್ಟೇ ಗಾತ್ರದ ಸ್ನಾಯು ಸುಮಾರು 1.06 ಗ್ರಾಂ ತೂಗುತ್ತದೆ. ಆದಕಾರಣ ವ್ಯಾಯಾಮಕ್ಕೆ ಹೊಸಬರಾದವರಲ್ಲಿ ಕೊಬ್ಬು ಕರಗಿ, ಅದೇ ತೂಕದ ಸ್ನಾಯು ಬೆಳೆದರೆ, ಯಂತ್ರಕ್ಕೆ ಯಾವ ವ್ಯತ್ಯಾಸವೂ ಕಾಣದೆಯೇ ಶರೀರವು ಬಿಗಿಯಾಗಿ, ಹೊಟ್ಟೆ ಒಳಸರಿಯುತ್ತದೆ. ಇದಕ್ಕೆ ವಿರುದ್ಧವಾಗಿ, ಉಪವಾಸದಿಂದಲೇ ತೂಕವನ್ನಿಳಿಸಹೊರಟವರು ಕೊಬ್ಬಿನೊಡನೆ ಸ್ನಾಯುವನ್ನೂ ಕಳೆದುಕೊಳ್ಳುತ್ತಾರೆ. ಆ ನಷ್ಟವನ್ನೂ ಯಂತ್ರವು ಲಾಭವೆಂದೇ ತೋರಿಸುತ್ತದೆ.

ನೀರಿನ ಚಾಂಚಲ್ಯವಂತೂ ಬೇರೆಯೇ ಕಥೆ. ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಶೇಖರವಾಗುವ ಗ್ಲೈಕೋಜನ್ ಎಂಬ ಪಿಷ್ಟದ ಪ್ರತಿ ಗ್ರಾಮಿಗೂ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ಅನ್ನವನ್ನು ಬಿಟ್ಟ ಮೊದಲ ವಾರದಲ್ಲಿಯೇ ತೂಕ ಥಟ್ಟನೆ ಇಳಿಯುವುದರ ಮರ್ಮ ಬಹುಮಟ್ಟಿಗೆ ಇದೇ. ನಲವತ್ತು ಡಿಗ್ರಿ ದಾಟುವ ಬಳ್ಳಾರಿಯ ಬೇಸಗೆಯಲ್ಲಿ ಬೆವರಾಗಿ ಹೋದ ನೀರು ತೂಕವನ್ನು ತಗ್ಗಿಸೀತು. ರಾತ್ರಿ ಉಪ್ಪು ಮುಂದಾಗಿ ತಿಂದ ಒಗ್ಗರಣೆ-ಮಿರ್ಚಿ ಮರುದಿನ ಬೆಳಿಗ್ಗೆ ಅದನ್ನು ಏರಿಸೀತು. ಸ್ತ್ರೀಯರಲ್ಲಿ ಋತುಚಕ್ರದೊಡನೆಯೂ ಈ ಏರಿಳಿತ ಸಹಜ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿಗಳಷ್ಟು ಶಕ್ತಿ ಅಡಗಿರುವುದರಿಂದ, ಒಂದು ರಾತ್ರಿಯಲ್ಲಿ ಏರಿದ ಕಿಲೋ ಕೊಬ್ಬಾಗಿರಲಾರದು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ, ಮುನ್ನಾದಿನ 50 ಕಿಲೋ ವರ್ಗದ ತೂಕಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದ ಕುಸ್ತಿಪಟು ವಿನೇಶ್ ಫೋಗಟ್, ಫೈನಲಿನ ಬೆಳಿಗ್ಗೆ 100 ಗ್ರಾಂ ಹೆಚ್ಚು ತೂಗಿ ಅನರ್ಹರಾದುದನ್ನು ದೇಶವೇ ಕಂಡಿತು. ಆ ಒಂದು ದಿನದಲ್ಲಿ ಅವರ ಶಕ್ತಿಯಾಗಲಿ ಕೌಶಲವಾಗಲಿ ಬದಲಾಗಿರಲಿಲ್ಲ.

ತೂಕವೊಂದನ್ನೇ ನೆಚ್ಚಿದರೆ ದಾರಿತಪ್ಪುವುದಕ್ಕೆ ಹಳೆಯ ನಿದರ್ಶನವೊಂದಿದೆ. 1942ರಲ್ಲಿ ಅಮೆರಿಕದ ನೌಕಾಪಡೆಯ ವೈದ್ಯ ಆಲ್ಬರ್ಟ್ ಬೆಂಕಿ ಮತ್ತು ಅವರ ಸಹೋದ್ಯೋಗಿ, ವೃತ್ತಿಪರ ಫುಟ್‌ಬಾಲ್ ಆಟಗಾರರನ್ನು ನೀರಿನಲ್ಲಿ ಮುಳುಗಿಸಿ ತೂಗಿದರು. ಅಂದಿನ ಎತ್ತರ-ತೂಕದ ಪಟ್ಟಿಯ ಪ್ರಕಾರ ಅವರಲ್ಲಿ ಹೆಚ್ಚಿನವರು ಸ್ಥೂಲರೆನಿಸಿ ಸೇನೆಗೆ ಅನರ್ಹರಾಗುತ್ತಿದ್ದರು. ನೀರಿನ ಪರೀಕ್ಷೆಯಾದರೋ ಅವರ ಮೈಯಲ್ಲಿ ಕೊಬ್ಬು ಅತ್ಯಲ್ಪವೆಂದು ಸಾಬೀತುಪಡಿಸಿತು.

ನಮ್ಮ ಜನರ ಪಾಡು ಇದಕ್ಕೆ ತಲೆಕೆಳಗಾದುದು, ಮತ್ತು ನನ್ನ ಅಭಿಪ್ರಾಯದಲ್ಲಿ ಇನ್ನೂ ಕಳವಳಕರವಾದುದು. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ತಮ್ಮಿಬ್ಬರ ಭಾವಚಿತ್ರವನ್ನು ಅಕ್ಕಪಕ್ಕದಲ್ಲಿಟ್ಟು ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ (ಬಿಎಂಐ) ಇಬ್ಬರಿಗೂ 22.3, ದೇಹದ ಕೊಬ್ಬು ಮಾತ್ರ ಯುಡ್ಕಿನ್ನರಲ್ಲಿ ಶೇ. 9.1, ಯಾಜ್ಞಿಕರಲ್ಲಿ ಶೇ. 21.2. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಹುಟ್ಟಿದ ಶಿಶುಗಳನ್ನು ಇಂಗ್ಲೆಂಡಿನ ಶಿಶುಗಳೊಡನೆ ಹೋಲಿಸಿದಾಗ, ತೂಕದಲ್ಲಿ ಇವು ಕಿರಿದಾಗಿದ್ದರೂ ಬೆನ್ನಿನ ಚರ್ಮದಡಿಯ ಕೊಬ್ಬು ಅಷ್ಟಾಗಿ ಕುಗ್ಗಿರಲಿಲ್ಲವೆಂದು ತಿಳಿದುಬಂದಿತು. ತೆಳ್ಳಗೆ ತೋರುವ, ತೂಕವೂ ಮಿತವಾಗಿರುವ ಭಾರತೀಯನ ಉದರದಲ್ಲಿ ಸಕ್ಕರೆ ಕಾಯಿಲೆಗೆ ಹಾದಿಮಾಡುವ ಕೊಬ್ಬು ಕುಳಿತಿರಬಹುದು. ತೂಕದ ಯಂತ್ರ ಅವನಿಗೆ ಅಭಯವನ್ನೇ ಕೊಡುತ್ತಿರುತ್ತದೆ.

ಹಾಗಾದರೆ ತೂಕದ ಬದಲು ನೋಡಬೇಕಾದುದು ಯಾವುದನ್ನು? ‘ಶಾಂತಲಾ’ ಕಾದಂಬರಿಯ ಕರ್ತೃವೆಂದು ಕನ್ನಡಿಗರು ಬಲ್ಲ ಕೆ.ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿ, ಸೂರ್ಯನಮಸ್ಕಾರವನ್ನೂ ಭಾರಸಾಧನೆಯನ್ನೂ ಜೊತೆಗೂಡಿಸಿ ಕಲಿಸಿದವರು. ಅವರ ಲಕ್ಷ್ಯವಿದ್ದುದು ಅಂಗಸೌಷ್ಠವದ ಮೇಲೆ. ಅದನ್ನು ಗಮನಿಸಲು ಅಳತೆಯ ಟೇಪು ಸಾಕು; ಜೀನ್ಸ್ ಉಡುಪಿನ ಹೊಲಿಗೆಗೆ ಹೆಸರಾದ ಬಳ್ಳಾರಿಯಲ್ಲಿ ಅದಕ್ಕೆ ಬರವಿಲ್ಲ. ಕೆಲವು ರೂಪಾಯಿಯ ಆ ಪಟ್ಟಿ ಇಲ್ಲಿ ಯಂತ್ರಕ್ಕಿಂತ ಪ್ರಾಮಾಣಿಕ ಸಾಕ್ಷಿ. ಹಾಗೆಂದು ತೂಕವನ್ನು ಪೂರ್ತಿ ಕಡೆಗಣಿಸುವಂತಿಲ್ಲ: ಮೂತ್ರಪಿಂಡ ಅಥವಾ ಹೃದಯದ ಕಾಯಿಲೆಯುಳ್ಳವರು ವೈದ್ಯರ ಆದೇಶದಂತೆ ನಿತ್ಯವೂ ತೂಕ ನೋಡಲೇಬೇಕು; ಪ್ರಯತ್ನವಿಲ್ಲದೆಯೇ ತೂಕ ಇಳಿಯುತ್ತಿದ್ದರೆ ವೈದ್ಯರನ್ನು ಕಾಣಲೇಬೇಕು. ಮಿಕ್ಕವರಿಗೆ ವಾರಕ್ಕೊಮ್ಮೆ ತೂಗಿಕೊಂಡರೆ ಸಾಕು.

ಹೊಟ್ಟೆಯ ಸುತ್ತಳತೆಯನ್ನು ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಕೊನೆಯ ಪಕ್ಕೆಲುಬಿಗೂ ಸೊಂಟದೆಲುಬಿನ ಮೇಲಂಚಿಗೂ ನಡುವೆ ಟೇಪನ್ನು ಬಿಗಿಯದೆ ಸುತ್ತಿ, ಸಹಜವಾಗಿ ಉಸಿರು ಬಿಟ್ಟಾಗ ಅಳೆಯಬೇಕು. ಭಾರತೀಯ ಪುರುಷರಿಗೆ 90 ಸೆಂಟಿಮೀಟರ್, ಸ್ತ್ರೀಯರಿಗೆ 80 ಸೆಂಟಿಮೀಟರ್ ಎಚ್ಚರಿಕೆಯ ಗಡಿ. ಈ ಅಳತೆ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದು ತೂಕ ಮಾತ್ರ ಇದ್ದಲ್ಲಿಯೇ ಇದ್ದರೆ, ದಯಮಾಡಿ ವ್ಯಾಯಾಮವನ್ನು ನಿಲ್ಲಿಸಬೇಡಿ.