ಹಿಂಗಾರಿ ಹೊಲದ ಹಕ್ಕಿಗಳು: ಸೈಕಲ್ ಮೇಲೊಂದು ಭಾಷಾಪಾಠ

ಮಹಾರಾಷ್ಟ್ರದ ಶಾಲೆಗಳಲ್ಲಿ ನವೆಂಬರ್ 5ರಿಂದ 12ರವರೆಗೆ ಪಕ್ಷಿ ಸಪ್ತಾಹವನ್ನು ಆಚರಿಸಲಾಗುತ್ತದೆ. ಮೊದಲ ದಿನ ಸೊಲ್ಲಾಪುರದಲ್ಲಿ ಜನಿಸಿದ ಅರಣ್ಯಾಧಿಕಾರಿ ಹಾಗೂ ಮರಾಠಿ ಲೇಖಕ ಮಾರುತಿ ಚಿತಂಪಲ್ಲಿ ಅವರ ಜನ್ಮದಿನ. ಕೊನೆಯ ದಿನ ಪಕ್ಷಿತಜ್ಞ ಸಲೀಂ ಅಲಿ ಅವರದು. ಬಹುತೇಕ ಶಾಲೆಗಳಲ್ಲಿ ಈ ಸಪ್ತಾಹವು ಒಂದು ಭಾಷಣ ಮತ್ತು ಒಂದು ಚಿತ್ರಸ್ಪರ್ಧೆಯೊಂದಿಗೆ ಮುಗಿಯುತ್ತದೆ. ಮಕ್ಕಳು ನವಿಲನ್ನು ಬರೆಯುತ್ತಾರೆ. ಅದೇ ಹೊತ್ತಿಗೆ ಶಾಲೆಯ ಹಿಂದಿನ ಹೊಲದಲ್ಲಿ ಮಧ್ಯ ಏಷ್ಯಾದಿಂದ ಬಂದ ಹಕ್ಕಿ ಮೇಯುತ್ತಿರುತ್ತದೆ. ಅದನ್ನು ಯಾರೂ ಬರೆಯುವುದಿಲ್ಲ. ಈ ಕೊರತೆಯನ್ನು ತುಂಬಲು ಆರರಿಂದ ಎಂಟನೆಯ ಇಯತ್ತೆಯ ಮಕ್ಕಳಿಗಾಗಿ ಸೈಕಲ್ ಸಂಚಾರವೊಂದನ್ನು ಇಲ್ಲಿ ವಿವರಿಸಲಾಗಿದೆ.

ಸೈಕಲ್ಲೇ ಏಕೆ? ನಡಿಗೆಯಲ್ಲಿ ಒಂದು ಬೆಳಗಿನಲ್ಲಿ ಒಂದೇ ಬಗೆಯ ಹೊಲವನ್ನು ನೋಡಬಹುದು; ವಾಹನದಲ್ಲಿ ಹೋದರೆ ಏನನ್ನೂ ಕೇಳಲಾಗದು. ಸೈಕಲ್ ಸದ್ದು ಮಾಡುವುದಿಲ್ಲ, ಬೇಕೆಂದಲ್ಲಿ ನಿಲ್ಲುತ್ತದೆ. ಮಿರಜ ತಾಲೂಕಿನಲ್ಲಿ ಇದಕ್ಕೆ ವಿಶೇಷ ಮಹತ್ವವಿದೆ. ಕೃಷ್ಣೆಯ ದಂಡೆಯಲ್ಲಿ ಕಬ್ಬು, ಅರಿಸಿನ. ಪೂರ್ವಕ್ಕೆ ಸರಿದಂತೆ ದ್ರಾಕ್ಷಿ ತೋಟ, ಬಿಳಿಜೋಳ, ಕಡಲೆ, ಬೀಳುಭೂಮಿ. ಮ್ಹೈಸಾಳದ ಏತ ನೀರಾವರಿ ಕೃಷ್ಣೆಯ ನೀರನ್ನು ಕವಠೆ ಮಹಾಂಕಾಳ, ಜತ್ತದವರೆಗೆ ಎತ್ತಿ ಒಯ್ದ ಮೇಲೆ ಹಳೆಯ ಒಣ ಹೊಲಗಳ ನಡುವೆ ಹಸಿರು ತುಂಡುಗಳು ಎದ್ದಿವೆ. ಎರಡು ಗಂಟೆಯ ಸವಾರಿಯಲ್ಲಿ ಈ ಬದಲಾವಣೆ ಕಣ್ಣಿಗೆ ಬೀಳುತ್ತದೆ, ಅದರೊಂದಿಗೆ ಹಕ್ಕಿಗಳ ಬದಲಾವಣೆಯೂ.

ನೀರು ಹಾಯಿಸಿದ ಹೊಲದಲ್ಲಿ ಸಿಪಿಲೆ ಕಾಣುತ್ತದೆ. ನಿಂತಲ್ಲಿ ಬಾಲ ಕುಣಿಸುವ ಈ ಪುಟ್ಟ ಹಕ್ಕಿಯನ್ನು ಮರಾಠಿಯಲ್ಲಿ ‘ಧೋಬಿ’ ಎನ್ನುತ್ತಾರೆ. ಬಟ್ಟೆ ಒಗೆಯುವವನ ಕೈಯಂತೆ ಬಾಲ ಏರಿಳಿಯುವುದನ್ನು ಕಂಡ ಮಗುವಿಗೆ ಆ ಹೆಸರನ್ನು ಬೇರೆ ವಿವರಿಸಬೇಕಿಲ್ಲ. ಹಳದಿ ಸಿಪಿಲೆಗಳು ಸಂಜೆ ಕಬ್ಬಿನ ಹೊಲದೊಳಗೆ ಗುಂಪಾಗಿ ತಂಗುತ್ತವೆ. ವಿದ್ಯುತ್ ತಂತಿಯ ಮೇಲೆ ಸಾಲುಗಟ್ಟುವ ಕವಲುಬಾಲದ ಅಂಬರಗುಬ್ಬಿಗಳೂ ಚಳಿಗಾಲದ ಅತಿಥಿಗಳೇ. ಬಯಲು ತೆರೆದುಕೊಂಡ ಕಡೆ ಸೆಳೆವ ಎಂಬ ಬೇಟೆಹಕ್ಕಿಯನ್ನು ಹುಡುಕಬೇಕು. ಅದು ಬೆಳೆಯ ಮೇಲೆ ತೀರ ತಗ್ಗಿನಲ್ಲಿ ತೇಲುತ್ತಾ ಹೋಗಿ ಮಿಡತೆ, ಇಲಿಗಳ ಮೇಲೆ ಎರಗುತ್ತದೆ. ರಾತ್ರಿ ಮರವೇರದೆ ಹುಲ್ಲಿನ ನೆಲದಲ್ಲೇ ಮಲಗುತ್ತದೆ. ಎತ್ತರದ ಕಬ್ಬು ಅದರ ಬೇಟೆಗೆ ಒದಗದು. ಬೀಳುಭೂಮಿಯನ್ನು ‘ವ್ಯರ್ಥ ಭೂಮಿ’ ಎಂದು ಪಾಠ ಹೇಳುವ ಮುನ್ನ ಈ ಹಕ್ಕಿಯನ್ನು ಒಮ್ಮೆ ತೋರಿಸುವುದು ಒಳ್ಳೆಯದು.

ಈಗ ಭಾಷೆಯ ಮಾತು. ದೂರದ ಹಕ್ಕಿಯ ಬಣ್ಣ ಮಗುವಿಗೆ ತಿಳಿಯದು, ದುರ್ಬೀನು ಎಲ್ಲ ಶಾಲೆಗಳಲ್ಲೂ ಇಲ್ಲ. ಆದರೆ ಹಕ್ಕಿ ಏನು ಮಾಡುತ್ತಿದೆ ಎಂಬುದು ಬರಿಗಣ್ಣಿಗೂ ಕಾಣುತ್ತದೆ. ಸಿಪಿಲೆ ಓಡುತ್ತದೆ, ಗುಬ್ಬಿ ಕುಪ್ಪಳಿಸುತ್ತದೆ. ನೆಲಗುಬ್ಬಿ ಹಾಡುತ್ತಾ ಮೇಲೇರುತ್ತದೆ, ಚಿಕ್ಕ ಚಾಣ ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಲ್ಲುತ್ತದೆ. ಪಕ್ಷಿವೀಕ್ಷಕರು ಹಕ್ಕಿಯನ್ನು ಇಂಥ ಕ್ರಿಯೆಗಳಿಂದಲೂ ಗುರುತಿಸುತ್ತಾರೆ. ಆದ್ದರಿಂದ ಈ ಸಂಚಾರ ನಾಮಪದಕ್ಕಿಂತ ಕ್ರಿಯಾಪದದ ಪಾಠ. ನಮ್ಮ ಮಕ್ಕಳ ಬರವಣಿಗೆಯಲ್ಲಿ ಎಲ್ಲ ಹಕ್ಕಿಗಳೂ ‘ಹಾರುತ್ತವೆ’, ಅಷ್ಟೇ. ಸುತ್ತಲೂ ಮರಾಠಿ ಕೇಳಿಸುವ ಊರಿನಲ್ಲಿ ಮನೆಗನ್ನಡದ ಉಳಿದ ಕ್ರಿಯಾಪದಗಳಿಗೆ ಶಾಲೆಯಲ್ಲಿ ಅವಕಾಶವೇ ಒದಗಿಲ್ಲ. ಟಿಪ್ಪಣಿ ಪುಸ್ತಕದಲ್ಲಿ ಸಮಯ, ಸ್ಥಳ, ಹೊಲದಲ್ಲಿದ್ದ ಬೆಳೆ, ಹಕ್ಕಿಗಳ ಸಂಖ್ಯೆ, ಹಕ್ಕಿ ಮಾಡಿದ ಕೆಲಸ ಇವನ್ನು ಸ್ಥಳದಲ್ಲೇ ಬರೆಸಬೇಕು. ಹೆಸರಿನ ಅಂಕಣವನ್ನು ಕೊನೆಗೆ ಇಡಬೇಕು.

ಹೆಸರಿನ ವಿಷಯದಲ್ಲಿ ಶಿಕ್ಷಕರು ಅವಸರ ಮಾಡಬಾರದು. ಮಗು ಮನೆಯ ಹೆಸರನ್ನೋ ಮರಾಠಿ ಹೆಸರನ್ನೋ ಹೇಳಿದರೆ ಅದನ್ನು ಹಾಗೆಯೇ ಬರೆಸಿಕೊಳ್ಳಬೇಕು. ಪುಸ್ತಕದ ಹೆಸರು ಪಕ್ಕದಲ್ಲಿ ಬರಲಿ, ಮೇಲೆ ಬೇಡ. ಮ್ಹೈಸಾಳದಿಂದ ಸ್ವಲ್ಪ ಸೈಕಲ್ ತುಳಿದರೆ ಕಾಗವಾಡ, ಅಂದರೆ ಕರ್ನಾಟಕ. ಗಡಿಯ ಎರಡೂ ಬದಿಯ ಜೋಳದ ಮೇಲೆ ಇಳಿಯುವ ಹಿಂಡು ಒಂದೇ.

ಆ ಹಿಂಡೇ ಅತ್ಯಂತ ಕಠಿಣ ಪ್ರಶ್ನೆಯನ್ನೂ ತರುತ್ತದೆ. ಗುಲಾಬಿ ಕಬ್ಬಕ್ಕಿ, ಮರಾಠಿಯ ‘ಭೋರಡಿ’, ನೂರಾರು ಸಂಖ್ಯೆಯಲ್ಲಿ ಬಂದು ತೆನೆಗೆ ಮುತ್ತುತ್ತದೆ. ಜೊತೆಗೆ ‘ಭಾರೀಟ’ ಎನ್ನುವ, ಗುಬ್ಬಿಯನ್ನು ಹೋಲುವ ಹಳದಿ ಎದೆಯ ಹಕ್ಕಿಯೂ ಬರುತ್ತದೆ. ಕಾಳು ಹಾಲು ತುಂಬಿ ಸೀತನಿಯಾಗುವ ಹೊತ್ತಿಗೆ ಅಟ್ಟಣಿಗೆ ಏರಿ ಕವಣೆ ಬೀಸುವವರು ಹಲವೊಮ್ಮೆ ನಮ್ಮ ತರಗತಿಯ ಮಕ್ಕಳೇ. ಆ ಮಗುವಿನ ಮುಂದೆ ‘ಹಕ್ಕಿಗಳನ್ನು ಪ್ರೀತಿಸಿ’ ಎಂಬ ಉಪದೇಶ ನಡೆಯದು, ನಡೆಯಲೂ ಬಾರದು. ತವರಿನ ಹುಲ್ಲುಗಾವಲಿನಲ್ಲಿ ಇದೇ ಹಕ್ಕಿ ಮಿಡತೆಗಳನ್ನು ಭಾರಿ ಪ್ರಮಾಣದಲ್ಲಿ ತಿನ್ನುತ್ತದೆ, ಇಲ್ಲಿಯೂ ಕೀಟಗಳನ್ನು ಹಿಡಿಯುತ್ತದೆ ಎಂಬುದನ್ನು ಹೇಳಬಹುದು. ನಷ್ಟವಿಲ್ಲ ಎಂದು ಮಾತ್ರ ಹೇಳಬಾರದು. ಹೊಲದ ಯಜಮಾನರನ್ನೇ ಮಾತನಾಡಿಸಿ, ಹಿಂಡು ಎಷ್ಟು ಹೊತ್ತಿಗೆ ಬರುತ್ತದೆ, ಯಾವ ತೆನೆಯನ್ನು ಆರಿಸುತ್ತದೆ, ಮೊದಲಿಗಿಂತ ಹೆಚ್ಚೋ ಕಡಿಮೆಯೋ ಎಂದು ಮಕ್ಕಳಿಂದ ಕೇಳಿಸಬೇಕು. ಹಕ್ಕಿ ಕಾಯುವ ಮಗುವೇ ಆ ದಿನ ಉತ್ತಮ ವೀಕ್ಷಕನಾಗುವ ಸಂಭವ ಹೆಚ್ಚು. ದಿನವಿಡೀ ಹಿಂಡನ್ನೇ ನೋಡಿದವನು ಅವನು.

ಏರ್ಪಾಟಿನ ಬಗ್ಗೆ ಕೆಲವು ಮಾತು. ಮೊದಲ ಸಂಚಾರ ಪಕ್ಷಿ ಸಪ್ತಾಹದಲ್ಲಿ, ಎರಡನೆಯದು ತೆನೆ ತುಂಬಿದ ಜನವರಿಯಲ್ಲಿ, ಅದೇ ದಾರಿಯಲ್ಲಿ ನಡೆಯಲಿ. ಎರಡು ಪಟ್ಟಿಗಳನ್ನು ಹೋಲಿಸಬಹುದು. ಹನ್ನೆರಡು ಮಕ್ಕಳಿಗೆ ಇಬ್ಬರು ಶಿಕ್ಷಕರು, ಒಬ್ಬರು ಮುಂದೆ, ಒಬ್ಬರು ಹಿಂದೆ. ಪಾಲಕರ ಲಿಖಿತ ಒಪ್ಪಿಗೆ ಬೇಕು. ಕಬ್ಬು ನುರಿಸುವ ಹಂಗಾಮಿನಲ್ಲಿ ಜೋಡಿ ಟ್ರಾಲಿಯ ಟ್ರ್ಯಾಕ್ಟರುಗಳು ಡಾಂಬರು ರಸ್ತೆಯನ್ನು ತುಂಬಿರುತ್ತವೆ; ಹೊಲದ ದಾರಿಯನ್ನೇ ಆರಿಸಬೇಕು. ಔಷಧ ಸಿಂಪಡಿಸುತ್ತಿರುವ ದ್ರಾಕ್ಷಿ ತೋಟದ ಬಳಿ ನಿಲ್ಲಬಾರದು. ಬೆಳಿಗ್ಗೆ ಪಶ್ಚಿಮಕ್ಕೆ ಸಾಗಿದರೆ ಬಿಸಿಲು ಬೆನ್ನಿಗಿದ್ದು ಹಕ್ಕಿಯ ಮೇಲೆ ಬೆಳಕು ಬೀಳುತ್ತದೆ. ಹೆಸರು ತಿಳಿಯದ ಹಕ್ಕಿಯ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿಸಿ, ಅದರ ಚಲನೆಯನ್ನು ಮನೆಯಲ್ಲಿ ಅಜ್ಜ ಅಜ್ಜಿಯರ ಮುಂದೆ ಅಭಿನಯಿಸಿ ತೋರಿಸಿ ಹೆಸರು ಕೇಳಿಕೊಂಡು ಬರಲು ಹೇಳಬೇಕು. ಮರುದಿನದ ಕನ್ನಡ ತಾಸು ಅಲ್ಲಿಂದಲೇ ಆರಂಭವಾಗಲಿ.