ಸರಕೋ ಪ್ರಯಾಣಿಕರೋ: ಯುವ ಪೈಲಟ್‌ಗಳ ಮುಂದಿರುವ ದಾರಿ

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳ ಮನೆಗಳಿಗೆ ದೂರದೂರಿನ ದುಡಿಮೆ ಹೊಸತೇನಲ್ಲ. ಮುಂಬಯಿಯ ಹೋಟೆಲು, ಬ್ಯಾಂಕಿನ ನೌಕರಿ, ಕೊಲ್ಲಿ ರಾಷ್ಟ್ರಗಳ ಸಂಬಳ, ವ್ಯಾಪಾರಿ ಹಡಗು, ಬೆಂಗಳೂರಿನ ಸಾಫ್ಟ್‌ವೇರ್ ಹೀಗೆ ಪ್ರತಿ ತಲೆಮಾರೂ ಒಂದೊಂದು ದಾರಿ ಹಿಡಿದು ಹೊರಟಿದೆ. ಈ ಸಾಲಿಗೆ ಈಗ ವಿಮಾನ ಚಾಲನೆಯೂ ಸೇರಿದೆ. ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿದ ಮಗನೋ ಮಗಳೋ 'ಪೈಲಟ್ ಆಗುತ್ತೇನೆ' ಎಂದರೆ ಹಿಂದಿನಂತೆ ಮನೆಯವರು ನಕ್ಕು ಸುಮ್ಮನಾಗುವುದಿಲ್ಲ. ತೋಟದ ಪಹಣಿ ಪತ್ರವನ್ನು ಹೊರತೆಗೆಯುತ್ತಾರೆ.

ಪಹಣಿಯ ಮಾತು ಅಲಂಕಾರಕ್ಕಾಗಿ ಆಡಿದ್ದಲ್ಲ. ವಾಣಿಜ್ಯ ಪೈಲಟ್ ಪರವಾನಗಿಗೆ ಕನಿಷ್ಠ 200 ಗಂಟೆಗಳ ಹಾರಾಟ ಬೇಕು. ಅದಕ್ಕೆ ತಗಲುವ ವೆಚ್ಚ ಅರ್ಧ ಕೋಟಿ ರೂಪಾಯಿಯ ಆಸುಪಾಸಿನಲ್ಲಿದೆ. ನಿರ್ದಿಷ್ಟ ಮಾದರಿಯ ವಿಮಾನ ಹಾರಿಸುವ ಅರ್ಹತೆ, ಅಂದರೆ 'ಟೈಪ್ ರೇಟಿಂಗ್', ಪಡೆಯಲು ಮತ್ತಷ್ಟು ಲಕ್ಷಗಳು ಬೇಕು. ಏಳೂವರೆ ಲಕ್ಷ ಮೀರಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತವೆ. ಹೀಗಾಗಿ ಇಪ್ಪತ್ತು ವರ್ಷದ ಹುಡುಗ ಆರಿಸಿಕೊಳ್ಳುವ ವೃತ್ತಿಯ ಹಿಂದೆ ಅಜ್ಜ ನೆಟ್ಟ ತೆಂಗಿನ ತೋಟವೂ ಪಣವಾಗಿ ನಿಂತಿರುತ್ತದೆ. ಪರವಾನಗಿ ಕೈಗೆ ಬಂದ ಮೇಲೆ ಏಳುವ ಪ್ರಶ್ನೆ, ಸರಕು ವಿಮಾನವೋ ಪ್ರಯಾಣಿಕ ವಿಮಾನವೋ ಎಂಬುದು. ಈ ಪ್ರಶ್ನೆಯನ್ನು ನಾವು ಹೆಚ್ಚಾಗಿ ಪ್ರತಿಷ್ಠೆಯ ನೆಲೆಯಲ್ಲೇ ಕೇಳುತ್ತಿದ್ದೇವೆ. ಅದು ಸರಿಯಾದ ನೆಲೆಯಲ್ಲ.

ರೈಲಿನ ಏಣಿ, ಹಡಗಿನ ಗೌರವ

ಸರಕು ಎಂದರೆ ಒಂದು ಮೆಟ್ಟಿಲು ಕೆಳಗಿನದು ಎಂಬ ಭಾವನೆ ರೈಲಿನಿಂದ ಬಂದಿರಬೇಕು. ರೈಲ್ವೆಯಲ್ಲಿ ಸಹಾಯಕ ಚಾಲಕನಾಗಿ ಸೇರಿದವನು ಮೊದಲು ಗೂಡ್ಸ್ ಗಾಡಿ, ನಂತರ ಪ್ಯಾಸೆಂಜರ್, ಕೊನೆಗೆ ಮೇಲ್ ಮತ್ತು ಎಕ್ಸ್‌ಪ್ರೆಸ್ ಎಂದು ಬಡ್ತಿ ಪಡೆಯುತ್ತಾನೆ. ಆದರೆ ಸಮುದ್ರದ ಲೆಕ್ಕ ಬೇರೆ. ಸರಕು ಹಡಗಿನ ಕ್ಯಾಪ್ಟನ್ ಎಂದರೆ ಕರಾವಳಿಯಲ್ಲಿ ಇಂದಿಗೂ ದೊಡ್ಡ ಮಾತು. ಕುಂದಾಪುರದ ಪಕ್ಕದ ಬಸರೂರು, 1665ರಲ್ಲಿ ಶಿವಾಜಿಯ ನೌಕಾಪಡೆ ದಾಳಿ ಮಾಡುವಷ್ಟು ಸಿರಿವಂತ ಬಂದರಾಗಿದ್ದುದು ಅಕ್ಕಿಯಂಥ ಸರಕಿನ ಬಲದಿಂದಲೇ.

ವಿಮಾನಯಾನದಲ್ಲಿ ರೈಲಿನಂಥ ಏಣಿ ಇಲ್ಲ. ಪರವಾನಗಿ, ವೈದ್ಯಕೀಯ ಪರೀಕ್ಷೆ, ಹಾರಾಟದ ನಿಯಮಗಳ ಪರೀಕ್ಷೆ ಎಲ್ಲವೂ ಎರಡಕ್ಕೂ ಒಂದೇ. ಎಮಿರೇಟ್ಸ್‌ನಂಥ ಸಂಸ್ಥೆಯಲ್ಲಿ ಬೋಯಿಂಗ್ 777ರ ಪೈಲಟ್ ಒಮ್ಮೆ ಪ್ರಯಾಣಿಕರನ್ನು, ಇನ್ನೊಮ್ಮೆ ಸರಕನ್ನು ಹೊತ್ತು ಹಾರುತ್ತಾನೆ. ಅಮೆರಿಕದಲ್ಲಿ ಫೆಡೆಕ್ಸ್ ಮತ್ತು ಯುಪಿಎಸ್ ಪೈಲಟ್‌ಗಳ ವೇತನ ದೊಡ್ಡ ಪ್ರಯಾಣಿಕ ಸಂಸ್ಥೆಗಳ ವೇತನಕ್ಕೆ ಸರಿಸಮ. ಆದ್ದರಿಂದ ಮೇಲು ಕೀಳಿನ ಪ್ರಶ್ನೆಯನ್ನು ಬದಿಗಿಟ್ಟು ಅವಕಾಶ, ಅನುಭವ, ಆರೋಗ್ಯ ಮತ್ತು ಭದ್ರತೆಯ ಪ್ರಶ್ನೆಗಳನ್ನು ಎತ್ತಿಕೊಳ್ಳುವುದು ಒಳಿತು.

ಖಾಲಿ ಕುರ್ಚಿಗಳು ಎಲ್ಲಿವೆ?

ಮೊದಲನೆಯದಾಗಿ ಅವಕಾಶ. ಇಂಡಿಗೊ ಸಂಸ್ಥೆಯ ಬಳಿ 400ಕ್ಕೂ ಹೆಚ್ಚು ವಿಮಾನಗಳಿವೆ. 2023ರಲ್ಲಿ ಅದು ಇನ್ನೂ 500ಕ್ಕೆ ಬೇಡಿಕೆ ಸಲ್ಲಿಸಿತು. ಅದೇ ವರ್ಷ ಏರ್ ಇಂಡಿಯಾ 470 ವಿಮಾನಗಳಿಗೆ ಬೇಡಿಕೆ ಇಟ್ಟಿತು. ಇದರ ಎದುರು, ದೇಶದ ಸರಕು ವಿಮಾನಯಾನದಲ್ಲಿ ಬಹುಕಾಲ ಮುಂಚೂಣಿಯಲ್ಲಿರುವ ಬ್ಲೂ ಡಾರ್ಟ್‌ನ ವಿಮಾನಗಳು ಎಂಟು: ಬೋಯಿಂಗ್ 757 ಆರು, 737 ಎರಡು. ಭಾರತದ ವಿಮಾನ ಸರಕಿನಲ್ಲಿ ದೊಡ್ಡ ಪಾಲು ಇಂದಿಗೂ ಪ್ರಯಾಣಿಕ ವಿಮಾನದ ಹೊಟ್ಟೆಯಲ್ಲೇ ಸಾಗುತ್ತದೆ. ಬಜ್ಪೆಯಿಂದ ಹೊರಡುವ ಉಡುಪಿ ಮಲ್ಲಿಗೆ ಗಲ್ಫ್ ತಲುಪುವುದೂ ಪ್ರಯಾಣಿಕರ ಕಾಲಡಿಯಲ್ಲೇ. ಹೀಗಿರುವಾಗ 200 ಗಂಟೆಗಳ ಅನುಭವದ ಹೊಸಬನಿಗೆ ಸರಕು ವಿಮಾನದ ಬಾಗಿಲು ಕಿರಿದು. 'ಆಯ್ಕೆ' ಎಂಬ ಮಾತು ಆರಂಭದಲ್ಲಿ ಬಹುಮಟ್ಟಿಗೆ ಹೆಸರಿಗಷ್ಟೇ.

ಎರಡನೆಯದು ಅನುಭವ. ಕಮಾಂಡರ್ ಆಗಲು ಬೇಕಾದ ಉನ್ನತ ಪರವಾನಗಿಗೆ 1500 ಗಂಟೆಗಳ ಹಾರಾಟ ಆಗಬೇಕು. ನಿಯಮದಂತೆ ಒಬ್ಬ ಪೈಲಟ್ ವರ್ಷಕ್ಕೆ 1000 ಗಂಟೆ ಮೀರಿ ಹಾರುವಂತಿಲ್ಲ. ದಿನಕ್ಕೆ ಮೂರು ನಾಲ್ಕು ಬಾರಿ ಏರಿಳಿಯುವ ಪ್ರಯಾಣಿಕ ಸಂಸ್ಥೆಯಲ್ಲಿ ಗಂಟೆಗಳು ಬೇಗ ಕೂಡಿಬರುತ್ತವೆ. ರಾತ್ರಿಗೆ ಒಂದೆರಡು ಹಾರಾಟವಷ್ಟೇ ಇರುವ ಸರಕು ಸಂಸ್ಥೆಯಲ್ಲಿ ಸಾಮಾನ್ಯವಾಗಿ ಈ ಲೆಕ್ಕ ನಿಧಾನ. ಸಾಲದ ಕಂತು ಮಾತ್ರ ಎರಡೂ ಕಡೆ ಒಂದೇ ವೇಗದಲ್ಲಿ ಓಡುತ್ತದೆ.

ನಿದ್ದೆಯ ಬೆಲೆ

ಕೊರಿಯರ್ ಸಂಜೆ ಸಂಗ್ರಹವಾಗಿ ಮರುದಿನ ಬೆಳಿಗ್ಗೆ ಮನೆ ಬಾಗಿಲಿಗೆ ಬರಬೇಕಾದರೆ ವಿಮಾನ ನಡುರಾತ್ರಿ ಹಾರಲೇಬೇಕು. ಇದು ಸರಕು ವೃತ್ತಿಯ ಮೂಲ ಸ್ವಭಾವ. ಪ್ರಯಾಣಿಕರ ಗದ್ದಲ, ದೂರು, ವಿಳಂಬದ ಘೋಷಣೆ ಯಾವುದೂ ಇಲ್ಲ. ವೇಳಾಪಟ್ಟಿಯೂ ಬಹುಪಾಲು ಸ್ಥಿರ. ಇವನ್ನು ಇಷ್ಟಪಟ್ಟು ಸರಕಿನಲ್ಲೇ ಉಳಿದ ಹಿರಿಯ ಪೈಲಟ್‌ಗಳಿದ್ದಾರೆ. ಆದರೆ ದೇಹ ವರ್ಷಗಟ್ಟಲೆ ರಾತ್ರಿಯನ್ನು ಹಗಲು ಮಾಡಿಕೊಳ್ಳಬೇಕಾಗುತ್ತದೆ. 2013ರ ಆಗಸ್ಟ್ 14ರ ಬೆಳಗಿನ ಜಾವ ಅಮೆರಿಕದ ಬರ್ಮಿಂಗ್‌ಹ್ಯಾಮ್‌ನಲ್ಲಿ ಯುಪಿಎಸ್ ಸರಕು ವಿಮಾನ ಬಿದ್ದು ಇಬ್ಬರೂ ಪೈಲಟ್‌ಗಳು ಸತ್ತಾಗ, ತನಿಖೆ ಹೆಸರಿಸಿದ ಕಾರಣಗಳಲ್ಲಿ ದಣಿವೂ ಒಂದು. ಹೀಗಿದ್ದೂ 2014ರಲ್ಲಿ ಅಲ್ಲಿ ಜಾರಿಗೆ ಬಂದ ಹೊಸ ವಿಶ್ರಾಂತಿ ನಿಯಮಗಳಿಂದ ಸರಕು ಸಂಸ್ಥೆಗಳನ್ನು ಹೊರಗಿಡಲಾಯಿತು.

ಹಾಗೆಂದು ದಣಿವು ಸರಕಿಗೆ ಮಾತ್ರ ಅಂಟಿದ ರೋಗವಲ್ಲ. ಅದನ್ನು ಕರಾವಳಿಗೆ ಬೇರೆಯವರು ಕಲಿಸಬೇಕಾಗಿಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕಮರಿಗೆ ಉರುಳಿ 158 ಮಂದಿ ಸತ್ತರು. ಅಸ್ಥಿರವಾಗಿದ್ದ ಇಳಿಕೆಯನ್ನು ಕಮಾಂಡರ್ ಕೈಬಿಡದಿದ್ದುದು ನೇರ ಕಾರಣವೆಂದ ತನಿಖಾ ನ್ಯಾಯಾಲಯ, ಹಾರಾಟದ ನಡುವೆ ಅವರು ದೀರ್ಘಕಾಲ ನಿದ್ರಿಸಿದ್ದನ್ನೂ ಎದ್ದ ಮೇಲೂ ಉಳಿಯುವ ಮಂಪರನ್ನೂ ಪೂರಕ ಕಾರಣವಾಗಿ ಗುರುತಿಸಿತು. ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸುವ, ರಾತ್ರಿ ಇಳಿಕೆಗಳನ್ನು ಮಿತಗೊಳಿಸುವ ಭಾರತದ ಹೊಸ ನಿಯಮಗಳು 2025ರಲ್ಲಿ ಎರಡು ಹಂತಗಳಲ್ಲಿ ಬಂದವು. ಅದಕ್ಕೆ ತಕ್ಕಷ್ಟು ಪೈಲಟ್‌ಗಳನ್ನು ಸಜ್ಜುಗೊಳಿಸದ ಇಂಡಿಗೊ ಆ ವರ್ಷದ ಡಿಸೆಂಬರ್ ಆರಂಭದಲ್ಲಿ ಸಾವಿರಾರು ಹಾರಾಟಗಳನ್ನು ರದ್ದುಪಡಿಸಬೇಕಾಯಿತು. ಉದ್ಯೋಗಕ್ಕೆ ಸೇರುವ ಯುವಕ ಕೇಳಬೇಕಾದ್ದು ಸಂಬಳವೊಂದನ್ನೇ ಅಲ್ಲ. ತಿಂಗಳಿಗೆ ಎಷ್ಟು ರಾತ್ರಿ, ಎಷ್ಟು ಬಿಡುವು ಎಂಬುದನ್ನೂ ಕೇಳಬೇಕು.

ಮುಚ್ಚಿದ ಬಾಗಿಲುಗಳು

ಭದ್ರತೆಯ ವಿಷಯದಲ್ಲಿ ಎರಡೂ ದಾರಿಗಳ ಇತಿಹಾಸ ಎಚ್ಚರಿಸುತ್ತದೆ. ಪ್ರಯಾಣಿಕರ ಕಡೆ ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ನೆಲಕ್ಕಿಳಿದವು. ಸರಕಿನ ಕಡೆ, ಏರ್ ಡೆಕ್ಕನ್ ಕಟ್ಟಿದ ಕ್ಯಾಪ್ಟನ್ ಗೋಪಿನಾಥ್ ನಾಗಪುರವನ್ನು ಕೇಂದ್ರವಾಗಿಸಿ 2009ರಲ್ಲಿ ಆರಂಭಿಸಿದ ಡೆಕ್ಕನ್ 360 ಕೆಲವೇ ವರ್ಷಗಳಲ್ಲಿ ನಿಂತಿತು. 2020ರ ಮಾರ್ಚ್ 25ರಿಂದ ಎರಡು ತಿಂಗಳು ದೇಶೀಯ ಪ್ರಯಾಣಿಕ ಹಾರಾಟ ಸಂಪೂರ್ಣ ಸ್ಥಗಿತಗೊಂಡು ಅನೇಕ ಪೈಲಟ್‌ಗಳು ವೇತನವಿಲ್ಲದ ರಜೆಯ ಮೇಲೆ ಮನೆಯಲ್ಲಿ ಕುಳಿತಾಗ, ಔಷಧಿ ಮತ್ತು ವೈದ್ಯಕೀಯ ಸಾಮಗ್ರಿ ಹೊತ್ತ ಸರಕು ವಿಮಾನಗಳು ಹಾರುತ್ತಲೇ ಇದ್ದವು. ಅಂದರೆ ಒಂದು ವಲಯದ ಕಷ್ಟಕಾಲ ಇನ್ನೊಂದರ ಸುಗ್ಗಿಯಾಗಬಹುದು. ಇಂಥ ಸಮಯದಲ್ಲಿ ಒಂದರಿಂದ ಇನ್ನೊಂದಕ್ಕೆ ದಾಟಬಲ್ಲ ಪೈಲಟ್ ಮಾತ್ರ ಉಳಿದುಕೊಳ್ಳುತ್ತಾನೆ.

ದಾಟಲು ಸೇತುವೆಯಾಗುವುದು ವಿಮಾನದ ಮಾದರಿ. ಇತ್ತೀಚಿನ ಸರಕು ವಿಮಾನಗಳಲ್ಲಿ ಹಲವು, ವಯಸ್ಸಾದ ಪ್ರಯಾಣಿಕ ವಿಮಾನದ ಆಸನ ಕಿತ್ತು ದೊಡ್ಡ ಬಾಗಿಲು ಕೂರಿಸಿದಂಥವು. 2022ರಲ್ಲಿ ಇಂಡಿಗೊ ತಂದದ್ದು ಹೀಗೆ ಮಾರ್ಪಡಿಸಿದ ಏರ್‌ಬಸ್ ಎ321. 2023ರಲ್ಲಿ ಬೆಂಗಳೂರಿನ ಕ್ವಿಕ್‌ಜೆಟ್ ಅಮೆಜಾನ್‌ಗಾಗಿ ಹಾರಿಸಲು ತೊಡಗಿದ್ದು ಬೋಯಿಂಗ್ 737-800. ಬಜ್ಪೆಯಲ್ಲಿ ನಿತ್ಯ ಇಳಿಯುವ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನಗಳಲ್ಲೂ 737 ಇದೆ. ಆದ್ದರಿಂದ ಎ320 ವರ್ಗದ ಅಥವಾ 737ರ ಅರ್ಹತೆ ಪಡೆದವನಿಗೆ ಎರಡೂ ಲೋಕಗಳು ತೆರೆದಿರುತ್ತವೆ. ಇದಕ್ಕೆ ಪ್ರತಿಯಾಗಿ, 757 ಒಳ್ಳೆಯ ವಿಮಾನವೇ ಆದರೂ ಅದನ್ನು ಹಾರಿಸುವ ಪ್ರಯಾಣಿಕ ಸಂಸ್ಥೆ ಭಾರತದಲ್ಲಿಲ್ಲ. ಅಂಥ ಅರ್ಹತೆಗೆ ಸ್ವಂತ ಹಣ ಸುರಿಯುವ ಮುನ್ನ ಹತ್ತು ಸಲ ಯೋಚಿಸಬೇಕು.

ಒಟ್ಟಿನಲ್ಲಿ ಯುವ ಪೈಲಟ್ ಆರಿಸಿಕೊಳ್ಳಬೇಕಾದ್ದು ವಿಮಾನದ ಮಾದರಿಯನ್ನು, ಸಂಸ್ಥೆಯ ಆರ್ಥಿಕ ಆರೋಗ್ಯವನ್ನು, ವಿಶ್ರಾಂತಿಯ ಶಿಸ್ತನ್ನು. ಹಿಂದಿನ ಭಾಗದಲ್ಲಿ ಮನುಷ್ಯರು ಕುಳಿತಿದ್ದಾರೋ ಪೆಟ್ಟಿಗೆಗಳಿವೆಯೋ ಎಂಬುದು ಆಮೇಲಿನ ಮಾತು. ಮೊದಲ ಕೆಲವು ವರ್ಷ ಗಂಟೆಗಳು ಬೇಗ ಸೇರುವ ಕಡೆ ದುಡಿದು, ಕಮಾಂಡರ್ ಹುದ್ದೆಯ ಹೊಸ್ತಿಲಲ್ಲಿ ಸರಕಿನ ಬಗ್ಗೆ ಯೋಚಿಸಿದರೆ ತಡವೇನೂ ಅಲ್ಲ. ಪೈಲಟ್ 65ರವರೆಗೆ ಹಾರಬಹುದು. ಇಪ್ಪತ್ತೆರಡರಲ್ಲಿ ಸೇರಿದವನ ಮುಂದೆ ನಲವತ್ತಕ್ಕೂ ಹೆಚ್ಚು ವರ್ಷಗಳಿವೆ.

ಹೆತ್ತವರಿಗೂ ಒಂದು ಮಾತು. ವಿಮಾನಯಾನಕ್ಕೆ ಬೇಕಾದ ಒಂದನೇ ದರ್ಜೆಯ ವೈದ್ಯಕೀಯ ಪರೀಕ್ಷೆಯಲ್ಲಿ ಕಣ್ಣು, ಕಿವಿ ಅಥವಾ ಹೃದಯದ ದೋಷ ಕಂಡುಬಂದರೆ ಕನಸು ಅಲ್ಲಿಗೇ ನಿಲ್ಲಬಹುದು. ಆ ಪರೀಕ್ಷೆಯನ್ನು ತರಬೇತಿ ಶಾಲೆಗೆ ಶುಲ್ಕ ಕಟ್ಟುವ ಮೊದಲೇ ಮುಗಿಸಬೇಕು. ಪರವಾನಗಿ ಸಿಕ್ಕ ಮೇಲೂ ಕೆಲಸಕ್ಕಾಗಿ ಒಂದೆರಡು ವರ್ಷ ಕಾಯುವ ಸಂದರ್ಭ ಬರಬಹುದೆಂದು ಸಾಲದ ಲೆಕ್ಕದಲ್ಲಿ ಮೊದಲೇ ಸೇರಿಸಿಕೊಳ್ಳಬೇಕು. ಸರಕಾರಕ್ಕೂ ಇಲ್ಲಿ ಹೊಣೆಯಿದೆ. ಬೆಂಗಳೂರಿನ ಜಕ್ಕೂರಿನಲ್ಲಿ ರಾಜ್ಯದ್ದೇ ಆದ ಹಳೆಯ ವೈಮಾನಿಕ ತರಬೇತಿ ಶಾಲೆ ಇದೆ. ಅದು ಸಾಕಷ್ಟು ವಿಮಾನ ಮತ್ತು ಬೋಧಕರೊಂದಿಗೆ ವರ್ಷವಿಡೀ ನಡೆದರೆ, ಬೈಂದೂರಿನ ಮಧ್ಯಮ ವರ್ಗದ ಮಗುವೊಂದು ಪೈಲಟ್ ಆಗಲು ಇಡೀ ತೋಟವನ್ನು ಒತ್ತೆ ಇಡಬೇಕಾದ ಸ್ಥಿತಿ ಒಂದಿಷ್ಟಾದರೂ ತಪ್ಪೀತು.